ಕಲಬೆರಕೆ ಎಂಬ ಬೈಗುಳ

ಮದುವೆ ಮನೆಯಲ್ಲಿ ಅಕ್ಷತೆ ಹಾಕಿ ಹಿರಿಯರು ಹೇಳುವ ಮಾತು ನಿಮಗೂ ಗೊತ್ತು. "ಕಲೆತು ಬೆರೆತು ಬಾಳಿ." ಹೊಸ ಸೊಸೆ ಮನೆಯವರ ಜೊತೆ ಬೆರೆತರೆ ಅತ್ತೆಗೆ ಸಮಾಧಾನ. ಯಾರ ಜೊತೆಗೂ ಬೆರೆಯದ ಹುಡುಗನನ್ನು ಕಂಡರೆ ಎಲ್ಲರಿಗೂ ಚಿಂತೆ. ಈಗ ಇದೇ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ಒಂದು ಪದ ಮಾಡಿ ನೋಡಿ. ಕಲಬೆರಕೆ! ಆಶೀರ್ವಾದ ಹೋಗಿ ಬೈಗುಳ ಆಯ್ತು.

ಕಲೆ ಅಂದರೆ ಕೂಡು, ಸೇರು. ಕಲಸು, ಕಲಕು ಎಲ್ಲ ಅದರ ನೆಂಟರೇ. ಬೆರೆ ಅಂದರೂ ಅದೇ. ಹಾಗಾಗಿ ಕಲಬೆರಕೆ ಅಂದರೆ ಬೆರಕೆಯ ಮೇಲೆ ಬೆರಕೆ, ಒಂದೇ ಅರ್ಥವನ್ನು ಎರಡು ಸಲ ಹೇಳಿದ ಹಾಗೆ. ತಮಾಷೆ ಏನಂದ್ರೆ ಪದದ ಎರಡೂ ತುಂಡು ಅಚ್ಚಗನ್ನಡ. ಕಲಬೆರಕೆಯಲ್ಲಿ ಕಲಬೆರಕೆ ಇಲ್ಲ. ತಮಿಳಿನವರಿಗೂ ಇದೇ ಬೇರು. ಬೇರೆ ಬೇರೆ ಜಾತಿಯವರು ಮದುವೆಯಾದರೆ ಅವರು ಕಲಪ್ಪು ಮಣಂ ಅಂತಾರೆ, ಎಣ್ಣೆಗೆ ಮತ್ತೊಂದು ಎಣ್ಣೆ ಸುರಿದರೆ ಕಲಪ್ಪಡಂ ಅಂತಾರೆ.

ಬೆರೆಸೋದೇ ತಪ್ಪಾಗಿದ್ದರೆ ಅಡುಗೆಮನೆಗೆ ಬೀಗ ಹಾಕಬೇಕಿತ್ತು. ಕೋಲಾರದ ಕಡೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಹೆಂಗಸರು ಸೊಪ್ಪು ಕೀಳೋದನ್ನ ನೋಡಿದ್ದೀರಾ? ಅಣ್ಣೆ, ಗಣಿಕೆ, ಹೊನಗೊನ್ನೆ, ದಂಟು, ಇನ್ನೂ ಏನೇನೋ, ಎಲ್ಲ ಒಂದೇ ಮಡಿಲಿಗೆ. ಅದರ ಹೆಸರೇ ಬೆರಕೆ ಸೊಪ್ಪು. ಬಿಸಿ ಮುದ್ದೆಗೆ ಬೆರಕೆ ಸೊಪ್ಪಿನ ಸಾರು ಬಿಟ್ಟುಕೊಂಡವನು "ಛೇ, ಇದು ಶುದ್ಧ ಅಲ್ಲ" ಅಂತ ಎದ್ದು ಹೋದದ್ದನ್ನು ನಾನಂತೂ ಕಾಣೆ.

ಹಾಗಾದರೆ ತಪ್ಪು ಇರೋದು ಎಲ್ಲಿ? ಕಾಫಿಪುಡಿ ಅಂಗಡಿಗೆ ಹೋಗಿ ನಿಲ್ಲಿ. ಬೀಜ ಪುಡಿ ಮಾಡೋ ಮುಂಚೆ ಅಂಗಡಿಯವನು ಕೇಳ್ತಾನೆ, "ಚಿಕೋರಿ ಎಷ್ಟು ಹಾಕ್ಲಿ?" ಚಿಕೋರಿ ಅಂದರೆ ಒಂದು ಗಿಡದ ಬೇರು, ಒಣಗಿಸಿ ಹುರಿದದ್ದು. ಕಾಫಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನೀವು "ಇಪ್ಪತ್ತು ಹಾಕಿ" ಅಂತೀರಿ, ಅವನು ಹಾಕ್ತಾನೆ, ಮನೆಗೆ ಬಂದು ಒಳ್ಳೇ ಡಿಕಾಕ್ಷನ್ ಇಳೀತು ಅಂತ ಹಿಗ್ತೀರಿ. ಕೇಳದೆ ಹಾಕಿದ್ದರೆ? ಅದೇ ಬೀಜ, ಅದೇ ಬೇರು, ಅದೇ ರುಚಿ. ಆದರೆ ಈಗ ಅದು ಕಲಬೆರಕೆ, ಅವನು ಕಳ್ಳ. ನಮ್ಮ ಕಾನೂನೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಕಾಫಿ-ಚಿಕೋರಿ ಮಿಶ್ರಣ ಅಂತ ಮಾರುವುದರಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎಷ್ಟೆಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ಬೆರೆಸಬೇಡ ಅನ್ನೋದಿಲ್ಲ, ಮುಚ್ಚಿಡಬೇಡ ಅನ್ನುತ್ತದೆ. ಕಲಬೆರಕೆ ಅನ್ನೋದು ಮೂಲತಃ ಸಂತೆಯ ಮಾತು. ಅದಕ್ಕೆ ಒಬ್ಬ ಮಾರುವವ ಬೇಕು, ಒಬ್ಬ ಕೊಳ್ಳುವವ ಬೇಕು, ಮಾರುವವನಿಗೆ ಗೊತ್ತಿರೋದು ಕೊಳ್ಳುವವನಿಗೆ ಗೊತ್ತಿರಬಾರದು.

ಇಷ್ಟೇ ಆಗಿದ್ದರೆ ಸಲೀಸಾಗಿತ್ತು. ಆದರೆ ಯಾರೂ ಮೋಸ ಮಾಡದಿದ್ದರೂ ಬೆರಕೆ ಕಂಡರೆ ಮುಖ ಸಿಂಡರಿಸುವವರು ಇದ್ದಾರೆ, ಹಿಂದೆಯೂ ಇದ್ದರು. ಕನ್ನಡ, ಸಂಸ್ಕೃತದ ಪದಗಳನ್ನು ಕೂಡಿಸಿ ಸಮಾಸ ಮಾಡಿದರೆ ನಮ್ಮ ವ್ಯಾಕರಣದಲ್ಲಿ ಅದಕ್ಕೆ ಅರಿಸಮಾಸ ಅಂತ ಹೆಸರು. ಅರಿ ಅಂದರೆ ಶತ್ರು! 9ನೇ ಶತಮಾನದ ಕವಿರಾಜಮಾರ್ಗ ಇಂಥ ಬೆರಕೆಯನ್ನು ಕಾಯುವ ಹಾಲಿಗೆ ಬಿದ್ದ ಮಜ್ಜಿಗೆ ಹನಿಗೆ ಹೋಲಿಸುತ್ತದೆ. 12ನೇ ಶತಮಾನದಲ್ಲಿ ಧರ್ಮಾಮೃತ ಬರೆದ ನಯಸೇನ ಇನ್ನೂ ಖಾರ. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸೋದು ಸರಿಯೇ ಅಂತ ಕೇಳುತ್ತಾನೆ. ಆದರೆ ಆ ಪದ್ಯದಲ್ಲಿ ಅವನು ತುಪ್ಪ ಅನ್ನೋದಿಲ್ಲ, ಎಣ್ಣೆ ಅನ್ನೋದಿಲ್ಲ. ಘೃತ ಅಂತಾನೆ, ತೈಲ ಅಂತಾನೆ. ಬೇಕೆಂದೇ ಮಾಡಿದ ಕುಚೋದ್ಯವೋ ಏನೋ. ಎಣ್ಣೆ ಅಂದಿದ್ದರೂ ತಪ್ಪಿಸಿಕೊಳ್ಳೋಕೆ ಆಗ್ತಿರಲಿಲ್ಲ ಬಿಡಿ. ಎಳ್ಳಿನ ನೆಯ್ಯೇ ಎಣ್ಣೆ, ನೆಯ್ ಅಂದರೆ ತುಪ್ಪ. ಎಣ್ಣೆಯೆಂಬ ಪದದೊಳಗೆ ತುಪ್ಪ ಆಗಲೇ ಬೆರೆತು ಕೂತಿದೆ. ಇನ್ನು ನಾವು ದಿನಾ ಆಡುವ ಮಳೆಗಾಲದಲ್ಲಿ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು. ಶತ್ರುಗಳಿಬ್ಬರೂ ಒಂದೇ ಕೊಡೆಯಡಿ ಹಾಯಾಗಿದ್ದಾರೆ.

ಪದಗಳ ಮೇಲಿನ ಈ ಮಡಿ ಯಾರ ಮನೆಯನ್ನೂ ಸುಡಲಿಲ್ಲ. ಮನುಷ್ಯರ ಮೇಲಿನದು ಸುಟ್ಟಿದೆ. ಅದೇ 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಆ ಇಬ್ಬರು ಅಪ್ಪಂದಿರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಪರಂಪರೆ ಹೇಳುತ್ತದೆ. ಅಲ್ಲಿ ಮುಚ್ಚುಮರೆ ಏನಿತ್ತು? ಎಲ್ಲರಿಗೂ ಗೊತ್ತಿದ್ದೇ ನಡೆದ ಮದುವೆ. ಇವತ್ತೂ ಅಂತರ್ಜಾತಿ ಮದುವೆಯ ಮಗುವನ್ನು ಜಗಳದಲ್ಲಿ, ಕೆಲವು ಸಲ ನಗೆಯಲ್ಲೂ, "ಬೆರಕೆ" ಅಂದುಬಿಡುತ್ತಾರೆ. ಮಗು ಯಾರಿಗೆ ಏನು ಮಾರಿತ್ತು? ಯಾರು ಕೊಂಡು ಮೋಸಹೋದರು? ಆ ಬೈಗುಳಕ್ಕೆ ಅರ್ಥ ಬರಬೇಕಾದರೆ ಮನುಷ್ಯ ಒಂದು ಸರಕಾಗಬೇಕು, ಜಾತಿ ಅವನ ಮೇಲಿನ ಚೀಟಿಯಾಗಬೇಕು, ನಾವೆಲ್ಲ ತೂಕ ನೋಡುವ ಗಿರಾಕಿಗಳಾಗಬೇಕು.

ಸಂಸ್ಕೃತದ ಸಂಕರಕ್ಕೂ ಇದೇ ಗತಿ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ವರ್ಣಸಂಕರಕ್ಕೆ ಹೆದರುತ್ತಾನೆ. ಬೀಜದ ಅಂಗಡಿಯಲ್ಲಿ ರೈತ ಸಂಕರ ತಳಿಗೆ ಹೆಚ್ಚು ದುಡ್ಡು ಕೊಡುತ್ತಾನೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ, ಏನೂ ಮುಚ್ಚಿಟ್ಟಿಲ್ಲ. ಹಾಗಂತ "ಬೆರಕೆ ಮಕ್ಕಳು ಚುರುಕು ಕಣ್ರೀ" ಅನ್ನೋರ ಮಾತೂ ನನಗೆ ಸೇರಲ್ಲ. ಹೊಗಳಿಕೆಯಾದರೂ ಅದು ಸಂತೆಯ ಮಾತೇ, ತಳಿ ನೋಡಿ ರೇಟು ಹೇಳೋದು.

ನನ್ನ ಗೆಳತಿಯೊಬ್ಬಳು ಮಗಳನ್ನು ಶಾಲೆಗೆ ಸೇರಿಸೋಕೆ ಹೋಗಿದ್ದಳು. ಅವಳದೊಂದು ಜಾತಿ, ಗಂಡನದೊಂದು. ಎರಡನ್ನೂ ಬರೆದಳು. ಗುಮಾಸ್ತರು ಕೆಟ್ಟವರಲ್ಲ, ನಕ್ಕು ಬೇರೆ ಫಾರಂ ಕೊಟ್ಟರು. "ಒಂದೇ ಕಾಲಂ ಇರೋದು ಮೇಡಂ, ಯಾವುದಾದ್ರೂ ಒಂದು ಬರೀರಿ, ಕಂಪ್ಯೂಟರ್ ತಗೊಳಲ್ಲ." ಇವಳು ಗಂಡನದನ್ನು ಬರೆದಳು. ಮಗಳ ಅರ್ಧ ಪಾಲು ಫಾರಮ್ಮಿನಿಂದ ಹೊರಗೇ ಉಳಿಯಿತು. ಅದರ ಕೆಳಗೆ, ಮೇಲಿನ ವಿವರಗಳೆಲ್ಲ ಸತ್ಯ, ಏನನ್ನೂ ಮುಚ್ಚಿಟ್ಟಿಲ್ಲ ಅಂತ ಅಚ್ಚಾಗಿತ್ತು. ಸಹಿ ಹಾಕಿ ಬಂದಳು.