ಅರಿವಿನ ಹೊಣೆ: ರೋಗಾಣು ಸಂವೇದಕವೂ ಅಪ್ರಮಾದವೂ

ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅವು ಬಂದ ನೀರಿನ ನೆಲೆಗೇ ಮರಳಿ ಬಿಡುವುದು ಶ್ರಾವಕರಲ್ಲಿ ತಲೆತಲಾಂತರದಿಂದ ಬಂದ ಆಚಾರ. ಕಿರುಜೀವಕ್ಕೂ ನೋವಾಗದಿರಲಿ ಎಂಬ ಎಚ್ಚರವೇ ಅದರ ತಿರುಳು. ಆದರೆ ಎರಡು ಮೈಕ್ರಾನ್ ಉದ್ದದ ರೋಗಾಣು ಬಟ್ಟೆಯ ಎಳೆಗಳ ನಡುವೆ ನುಸುಳಿಹೋಗುತ್ತದೆ. ಆ ನೀರನ್ನು ಕುಡಿದು ಮಗುವೊಂದು ಕಾಯಿಲೆ ಬಿದ್ದರೆ ನೀರು ಕೊಟ್ಟವರಿಗೆ ದೋಷವುಂಟೇ? ‘ತಿಳಿದಿರಲಿಲ್ಲ’ ಎಂಬ ಮಾತು ಎಲ್ಲಿಯವರೆಗೆ ಸಲ್ಲುತ್ತದೆ?

ವಿಜ್ಞಾನವು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿದೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ಗುರುತಿಸಲು ಒಂದೆರಡು ದಿನ ಬೇಕು. ಕೈಯಲ್ಲಿ ಒಯ್ಯಬಹುದಾದ ವಿದ್ಯುದ್ರಾಸಾಯನಿಕ ಜೈವಿಕ ಸಂವೇದಕಗಳು ಈ ಅವಧಿಯನ್ನು ಗಂಟೆಗಳಿಗೆ ಇಳಿಸಲು ಯತ್ನಿಸುತ್ತವೆ. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ವಿವರಿಸಿದ ಕಿಣ್ವ-ವಿದ್ಯುದ್ವಾರವೇ ಇವುಗಳ ಮೂಲ. ಮನೆಯಲ್ಲಿ ರಕ್ತದ ಸಕ್ಕರೆ ನೋಡುವ ಪುಟ್ಟ ಉಪಕರಣವೂ ಇದೇ ಕುಲದ್ದು. ರೋಗಾಣು ಸಂವೇದಕದ ವಿದ್ಯುದ್ವಾರದ ಮೇಲೆ ನಿರ್ದಿಷ್ಟ ರೋಗಾಣುವನ್ನೇ ಹಿಡಿಯುವ ಪ್ರತಿಕಾಯಗಳನ್ನು ನೆಲೆಗೊಳಿಸಿರುತ್ತಾರೆ. ರೋಗಾಣು ಅವುಗಳಿಗೆ ಅಂಟಿದಾಗ ವಿದ್ಯುತ್ತಿನ ಹರಿವಿನಲ್ಲಾಗುವ ವ್ಯತ್ಯಾಸವನ್ನು ಉಪಕರಣ ಅಳೆದು ತೋರಿಸುತ್ತದೆ.

ಆದರೆ ಅರಿವೊಂದೇ ಸಾಲದೆಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್ಟನ್ ಪಟ್ಟಣ ಸಾಕ್ಷಿ. 2000ದ ಮೇ ತಿಂಗಳ ಭಾರಿ ಮಳೆಗೆ ಸಗಣಿಯ ಅಂಶ ಊರಿನ ಬಾವಿಯೊಂದನ್ನು ಸೇರಿತು. ಇ. ಕೋಲಿ ಒ157 ಮೊದಲಾದ ರೋಗಾಣುಗಳಿಂದ 7 ಜನ ಸತ್ತರು. ಸುಮಾರು 2,300 ಜನ ಕಾಯಿಲೆ ಬಿದ್ದರು. ಪ್ರಯೋಗಾಲಯದ ವರದಿ ಮೇ 17ರಂದೇ ನೀರು ಸರಬರಾಜಿನ ವ್ಯವಸ್ಥಾಪಕರ ಕೈಸೇರಿತ್ತು. ಅವರು ಅದನ್ನು ಆರೋಗ್ಯಾಧಿಕಾರಿಗಳಿಂದ ಮರೆಮಾಚಿದರು. ನೀರು ಕುದಿಸಿ ಕುಡಿಯಿರೆಂಬ ಎಚ್ಚರಿಕೆ ಹೊರಟದ್ದು ಮೇ 21ರಂದು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ 2002ರ ವಿಚಾರಣಾ ವರದಿ ಎರಡು ಮಾತು ಹೇಳಿತು: ಆ ಬಾವಿಯಲ್ಲಿ ಕ್ಲೋರಿನ್ನನ್ನೂ ನೀರಿನ ಕದಡನ್ನೂ ಸತತವಾಗಿ ಅಳೆಯುವ ಉಪಕರಣಗಳಿದ್ದಿದ್ದರೆ ಅನಾಹುತವೇ ತಪ್ಪುತ್ತಿತ್ತು, ಮೇ 19ರಂದಾದರೂ ಸತ್ಯ ಹೊರಬಿದ್ದಿದ್ದರೆ 300ರಿಂದ 400 ಜನರ ಕಾಯಿಲೆ ತಪ್ಪುತ್ತಿತ್ತು.

ಜೈನ ದರ್ಶನ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಆ ದೃಷ್ಟಿಯಲ್ಲಿ ಇಲ್ಲಿ ಮೂರು ಮೆಟ್ಟಿಲುಗಳಿವೆ. ತಿಳಿಯುವ ದಾರಿಯೇ ಇಲ್ಲದವನ ಅಜ್ಞಾನ ಒಂದು. ದಾರಿಯಿದ್ದೂ ನೋಡದವನ ಅಲಕ್ಷ್ಯ ಇನ್ನೊಂದು. ಕಂಡೂ ಹೇಳದವನ ಮೌನ ಮತ್ತೊಂದು. ಉಪಕರಣ ಸುಲಭವಾದಷ್ಟೂ ಮೊದಲ ಮೆಟ್ಟಿಲಿನಲ್ಲಿ ನಿಲ್ಲುವ ಅವಕಾಶ ಕಿರಿದಾಗುತ್ತದೆ.

ರೋಗಾಣುವೂ ಜೀವವಲ್ಲವೇ, ಅದನ್ನು ಪತ್ತೆಮಾಡಿದರೆ ಕೊಲ್ಲಬೇಕಾಗುವುದರಿಂದ ಅರಿಯದಿರುವುದೇ ಲೇಸಲ್ಲವೇ ಎಂಬ ಆಕ್ಷೇಪವುಂಟು. ಅದು ತಳ್ಳಿಹಾಕುವ ಮಾತಲ್ಲ. ಆದರೆ ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಅಡುಗೆ, ನೀರು ಕಾಯಿಸುವಿಕೆಗಳ ಆರಂಭೀ ಹಿಂಸೆಯನ್ನು ಎಚ್ಚರದಿಂದ ಕಡಿಮೆಮಾಡಬೇಕಷ್ಟೆ. ಕಣ್ಣು ಮುಚ್ಚಿಕೊಂಡರೆ ಆ ಹಿಂಸೆ ಕಡಿಮೆಯಾಗದು. ಪಂಚೇಂದ್ರಿಯ ಜೀವಿಯಾದ ಮನುಷ್ಯನ ಸಾವು ಅದಕ್ಕೆ ಸೇರಿಕೊಳ್ಳುತ್ತದೆ.

ಉಪಕರಣದ ಮಾತೂ ನಿರಪೇಕ್ಷವಲ್ಲ. ಸತ್ತ ರೋಗಾಣುವನ್ನು ಅದು ಜೀವಂತವೆಂದು ತಿಳಿಯಬಹುದು. 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೂ ಇ. ಕೋಲಿ ಕಾಣಬಾರದೆಂಬುದು ಭಾರತೀಯ ಮಾನಕ. ಅಷ್ಟು ವಿರಳವಾದುದನ್ನು ಮೊದಲು ಸಾಂದ್ರಗೊಳಿಸದೆಯೋ ಬೆಳೆಸದೆಯೋ ಹಿಡಿಯುವುದು ಸಂವೇದಕಕ್ಕೆ ಕಷ್ಟ. ಅದರ ‘ಇಲ್ಲ’ ಎಂಬ ಉತ್ತರಕ್ಕೂ ‘ಸ್ಯಾತ್’ ಎಂಬ ವಿಶೇಷಣ ಸೇರಲೇಬೇಕು. ಆದುದರಿಂದ ಸೋಸುವುದನ್ನೂ ಕುದಿಸುವುದನ್ನೂ ಬಿಡುವಂತಿಲ್ಲ.

ಉತ್ಸವಗಳಲ್ಲಿ ನೂರಾರು ಜನರಿಗೆ ಆಹಾರದಾನ ಮಾಡುವ ಬಸದಿಗಳ ವ್ಯವಸ್ಥಾಪಕರಿಗೆ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ. ಬಾವಿಯ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸುವುದು, ದೋಷ ಕಂಡ ದಿನವೇ ಅದನ್ನು ಎಲ್ಲರಿಗೂ ತಿಳಿಸಿ ನೀರು ನಿಲ್ಲಿಸುವುದು ಆಹಾರದಾನದ ಅಂಗವೇ ಆಗಬೇಕು. ಸಂಸ್ಥೆಯ ಹೆಸರು ಕೆಟ್ಟೀತೆಂಬ ಅಂಜಿಕೆ ಸಹಜ. ಆದರೆ ಆ ಅಂಜಿಕೆಯನ್ನು ಮೀರಿ ಆಡಿದ ಸತ್ಯವೇ ಉಣ್ಣಲು ಕುಳಿತವರಿಗೆ ಅಭಯದಾನವಾಗುತ್ತದೆ.