ನೀರು ಹೋದ ಮೇಲೆ ಕಾಯುವ ಪ್ರಶ್ನೆ

ಹೆರಿಗೆ ನೋವು ಬರುವ ಮೊದಲೇ ಗರ್ಭದ ನೀರಿನ ಚೀಲ ಒಡೆಯುವುದುಂಟು. ತಿಂಗಳು ತುಂಬಿದ್ದರೆ ಹೆಚ್ಚಿನ ಬಸುರಿಯರಿಗೆ ಒಂದು ದಿನದೊಳಗೆ ನೋವು ತಾನಾಗಿ ಬರುತ್ತದೆ. ನೂರಕ್ಕೆ ಸುಮಾರು ಮೂರು ಬಸಿರುಗಳಲ್ಲಿ ಅದು 37 ವಾರಕ್ಕೆ ಮುಂಚೆಯೇ ಒಡೆಯುತ್ತದೆ. ಆಗ ಸೋಂಕನ್ನು ಹೊರಗಿಟ್ಟಿದ್ದ ತಡೆ ಇಲ್ಲವಾಗುತ್ತದೆ. ಬ್ಯಾಕ್ಟೀರಿಯಾಗಳು ಗರ್ಭಕೋಶಕ್ಕೆ ಏರುತ್ತವೆ. ತಾಯಿಗೆ ಜ್ವರ, ಕೈಮೀರಿದರೆ ರಕ್ತಕ್ಕೇ ನಂಜು. ಮಗುವಿಗೆ ಸೋಂಕು, ಹೊಕ್ಕುಳಬಳ್ಳಿ ಜಾರುವ ಭಯ, ದಿನ ತುಂಬದ ಹುಟ್ಟು. 24 ವಾರ ದಾಟಿದ್ದರೆ ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟು, ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚಿ, ಸೋಂಕಿನ ಸುಳಿವಿಲ್ಲದಿದ್ದರೆ ಕಾಯುತ್ತಾರೆ. ಒಳಗಿರುವ ಒಂದೊಂದು ದಿನವೂ ಮಗುವಿಗೆ ಲಾಭವೇ.

ಹದಿನೇಳನೆಯ ವಾರದಲ್ಲಿ ಒಡೆದರೆ? ಹೊರಬಂದ ಮಗು ಬದುಕಲಾರದು; ನೀರಿಲ್ಲದೆ ಅದರ ಶ್ವಾಸಕೋಶವೂ ಸರಿಯಾಗಿ ಬೆಳೆಯದು. ಆದರೆ ಹೃದಯ ಮಿಡಿಯುತ್ತಿರುತ್ತದೆ. ಧರ್ಮಶಾಸ್ತ್ರಕ್ಕೆ ಕಠಿಣ ಪ್ರಶ್ನೆ ಎದುರಾಗುವುದು ಇಲ್ಲಿ.

ಕ್ಯಾಥೊಲಿಕ್ ಚಿಂತನೆ ಇದಕ್ಕೆ ದ್ವಿಫಲ ತತ್ವದಿಂದ ಉತ್ತರಿಸುತ್ತದೆ. ಅದರ ಬೇರು 13ನೇ ಶತಮಾನದ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಮಾಡಿದ ವಿಚಾರದಲ್ಲಿದೆ. ಒಳಿತಿಗೆಂದೇ ಮಾಡಿದ ಕೆಲಸದಿಂದ ಬಯಸದ ಕೇಡೂ ಆಗುವುದಾದರೆ, ಕೇಡೇ ಒಳಿತಿನ ಸಾಧನವಾಗದಿದ್ದಲ್ಲಿ, ಕೆಲಸ ಒಪ್ಪಿತ. ತಾಯಿಯ ರೋಗಕ್ಕೆ ಚಿಕಿತ್ಸೆ ಕೊಡುವಾಗ ಭ್ರೂಣ ಸತ್ತರೆ ಅದು ಕೊಲೆಯಲ್ಲ. ಭ್ರೂಣವನ್ನೇ ನೇರವಾಗಿ ಕೊಲ್ಲುವುದು ಸಲ್ಲದು. ಹಾಗಾದರೆ ಸೋಂಕು ತಗುಲಿದ ಮೇಲೆ ಗರ್ಭ ತೆರವು ಮಾಡಬಹುದು. ತಗುಲುವ ಮುನ್ನ, ಅಪಾಯವಷ್ಟೇ ಕಾಣುತ್ತಿರುವಾಗ? ತತ್ವ ಈ ಗೆರೆಯ ಮೇಲೆ ತಡವರಿಸುತ್ತದೆ. ನಂಜಿಗೆ ಆ ಸಂಕೋಚವಿಲ್ಲ, ಅದು ಕೆಲವೇ ಗಂಟೆಗಳಲ್ಲಿ ಏರಬಲ್ಲದು.

ಬೆಳಗಾವಿ ಮೂಲದ ದಂತವೈದ್ಯೆ, 31ರ ಹರೆಯದ ಸವಿತಾ ಹಾಲಪ್ಪನವರ ಅವರಿಗೆ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ 17 ವಾರಕ್ಕೆ ನೀರು ಹೋಯಿತು. ಗರ್ಭ ತೆಗೆಯಿರೆಂದು ಅವರು ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂಬ ಉತ್ತರ ಬಂತು. ಅಕ್ಟೋಬರ್ 28ರಂದು ಅವರು ನಂಜಿಗೆ ಬಲಿಯಾದರು. ತಾಯಿಗೂ ಭ್ರೂಣಕ್ಕೂ ಸಮಾನ ಜೀವಹಕ್ಕು ಕೊಟ್ಟ 1983ರ ಸಂವಿಧಾನ ತಿದ್ದುಪಡಿ ಆಗ ಅಲ್ಲಿ ಜಾರಿಯಲ್ಲಿತ್ತು. ಮುಂದಿನ ವರ್ಷದ ತನಿಖಾ ವರದಿ ಲೋಪಗಳನ್ನು ಹೇಳಿತು: ರೋಗಿಯ ಮೇಲೆ ಸಾಕಷ್ಟು ನಿಗಾ ಇರಲಿಲ್ಲ, ಎದೆಬಡಿತ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತು ಇತ್ತು. ತಾಯಿಗಿಂತ ಭ್ರೂಣದ ಜೀವ ಮೇಲೆಂದು ಚರ್ಚ್ ಎಂದೂ ಬೋಧಿಸಿಲ್ಲ ಎಂದು ಐರಿಷ್ ಬಿಷಪ್ಪರು ಹೇಳಿದರು. ಅದು ನಿಜ. ಆದರೆ ಉಳಿಯಲಾರದ ಜೀವ ಒಂದು, ಉಳಿಸಬಹುದಾದ ಜೀವ ಇನ್ನೊಂದು ಇರುವಾಗ, ಎರಡನ್ನೂ ಸಮಾನವೆಂದು ಕಾಯುತ್ತ ಕೂತರೆ ಆ ಕಾಯುವಿಕೆಯ ಬೆಲೆ ತೆರುವವಳು ತಾಯಿ ಒಬ್ಬಳೇ. ಕೈಕಟ್ಟಿ ನಿಲ್ಲುವುದೂ ಕೃತ್ಯವೇ. ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಯಹೂದಿ ಧರ್ಮಶಾಸ್ತ್ರ ಗೆರೆಯನ್ನು ಬೇರೆಡೆ ಎಳೆದಿದೆ. ಅದರ ಪ್ರಾಚೀನ ನಿಯಮಸಂಗ್ರಹವಾದ ಮಿಶ್ನಾದ ಪ್ರಕಾರ ಮಗುವಿನ ಬಹುಭಾಗ ಹೊರಬರುವವರೆಗೆ ತಾಯಿಯ ಜೀವಕ್ಕೇ ಮೊದಲ ಸ್ಥಾನ. ಕಾನೂನಿನ ಮಾತಿಗೆ ಬಂದರೆ, ಭಾರತದ 1971ರ ಗರ್ಭಪಾತ ಕಾಯ್ದೆ ತಾಯಿಯ ಜೀವ ಉಳಿಸಲು ಗರ್ಭಪಾತ ತಕ್ಷಣ ಅಗತ್ಯವೆಂದು ಒಬ್ಬ ವೈದ್ಯರಿಗೆ ಪ್ರಾಮಾಣಿಕವಾಗಿ ಅನ್ನಿಸಿದರೆ ಸಾಕೆನ್ನುತ್ತದೆ.

ಐರ್ಲೆಂಡಿನ ಮತದಾರರು 2018ರ ಮೇ 25ರಂದು ಶೇ. 66.4 ಮತಗಳಿಂದ 1983ರ ಆ ತಿದ್ದುಪಡಿಯನ್ನು ತೆಗೆದುಹಾಕಿದರು. 2019ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆಯಲ್ಲಿ ತಾಯಿಯ ಜೀವದ ಜೊತೆಗೆ ಆರೋಗ್ಯಕ್ಕೆ ಆಗಬಹುದಾದ ಗಂಭೀರ ಹಾನಿಯೂ ಕಾರಣವಾಗಿ ಸೇರಿದೆ. ತುರ್ತು ಸಂದರ್ಭ ಬಿಟ್ಟರೆ ಅದನ್ನು ಇಬ್ಬರು ವೈದ್ಯರು ಪ್ರಮಾಣೀಕರಿಸಬೇಕು.