ಬರಬೇಕಾದ ಬಾಕಿ

ಬರೆದು ಬದುಕುವವರು ಲೆಕ್ಕದ ಸಾಫ್ಟ್‌ವೇರ್ ಆರಿಸುವಾಗ ಮೊದಲು ಕೇಳಬೇಕಾದದ್ದು ಅದರ ಬೆಲೆಯನ್ನಲ್ಲ. ಯಾರು ನನಗೆ ಎಷ್ಟು ಕೊಡಬೇಕೆಂಬುದು, ನಾನು ಮರೆತರೂ ಇದಕ್ಕೆ ನೆನಪಿರುತ್ತದೆಯೇ?

*

ಬಂದ ಹಣವನ್ನು ಬ್ಯಾಂಕಿನ ಪಾಸ್‌ಬುಕ್ಕೇ ಹೇಳುತ್ತದೆ. ಬಾರದ ಹಣಕ್ಕೆ ಬೇರೆ ಪುಸ್ತಕ ಬೇಕು.

*

ಯಶವಂತಪುರದ ಎಪಿಎಂಸಿ ಮಂಡಿಯಲ್ಲಿ ಗುಮಾಸ್ತರು ಮೂಟೆ ಎಣಿಸುತ್ತಾರೆ, ತೂಕ ಬರೆಯುತ್ತಾರೆ, ದರ ಹಾಕುತ್ತಾರೆ. ಈರುಳ್ಳಿ ಹೋದರೆ ಹೋಯಿತು, ಜಾಗ ಖಾಲಿ. ನನ್ನ ಸರಕು ಮೇಲ್‌ನಲ್ಲಿ ಹೋದ ಮೇಲೂ ನನ್ನ ಬಳಿ ಹಾಗೇ ಇರುತ್ತದೆ. ಗೋದಾಮು, ಬ್ಯಾಚು, ಬಾರ್‌ಕೋಡು ಎಂದು ಹೊಗಳಿ ಮಾರುವ ಸಾಫ್ಟ್‌ವೇರ್‌ಗೆ ನಾನೇಕೆ ದುಡ್ಡು ಕೊಡಲಿ?

*

ಅಂಗಡಿಯ ಬಿಲ್ಲಿಗೆ ಎರಡು ದಿನಾಂಕ: ಮಾರಿದ್ದು, ಹಣ ಬಂದದ್ದು. ಬರಹಕ್ಕೆ ನಾಲ್ಕು: ಒಪ್ಪಿಕೊಂಡದ್ದು, ಬರೆದು ಕೊಟ್ಟದ್ದು, ಅಚ್ಚಾದದ್ದು, ಹಣ ಬಂದದ್ದು. ನಮ್ಮ ಕಷ್ಟವೆಲ್ಲ ಎರಡನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ. ಒಂದು ಅನುವಾದ ಕೊಟ್ಟು ಹದಿನಾಲ್ಕು ತಿಂಗಳು ಕಾದಿದ್ದೇನೆ. ‘ಪುಸ್ತಕ ಇನ್ನೂ ಅಚ್ಚಿಗೇ ಹೋಗಿಲ್ಲವಲ್ಲ ಮೇಡಂ’ ಎಂದರು. ಕೊಟ್ಟ ದಿನಾಂಕ ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಅಂದಿನಿಂದ ಈ ನಾಲ್ಕಕ್ಕೂ ಜಾಗ ಮಾಡಿಕೊಳ್ಳಲಾಗದ ಯಾವ ಸಾಫ್ಟ್‌ವೇರನ್ನೂ ಮನೆಯೊಳಗೆ ಬಿಟ್ಟುಕೊಂಡಿಲ್ಲ.

*

‘ಗೌರವಧನ’ ಎಂದ ಕೂಡಲೇ ಕೊಡುವವರು ದಾನಿಗಳಾಗುತ್ತಾರೆ, ಕೇಳುವವರು ಸಂಕೋಚಪಡುತ್ತಾರೆ. ನಾನು ಬಿಲ್ಲಿನಲ್ಲಿ ‘ಬರಹದ ಶುಲ್ಕ’ ಎಂದೇ ಬರೆಯುತ್ತೇನೆ. ಕ್ರಮಸಂಖ್ಯೆ ಹಾಕಿದ ಬಿಲ್ಲು ಹೋದ ಮೇಲೆ ನೆನಪಿಸುವುದು ಬೇಡುವುದಲ್ಲ.

*

ಟ್ಯಾಲಿ ನಮ್ಮ ಬೆಂಗಳೂರಿನದು, 1986ರದು. ಗಿರಣಿ, ಕಾರ್ಖಾನೆಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ; ಗಣಿತ ಓದಿದ್ದ ಮಗ ಭರತ್ ಅವರಿಂದಲೇ ಬರೆಸಿದರು. ಖಾತೆಗಳನ್ನು ಸಂಕೇತ ಸಂಖ್ಯೆಗಳಿಂದಲ್ಲ, ಹೆಸರಿನಿಂದಲೇ ಕರೆಯುವುದು ಅದರ ಹೆಚ್ಚುಗಾರಿಕೆಯಾಯಿತು. ವ್ಯಾಪಾರಿ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ, ಯಂತ್ರ ಅವನ ಮಾತಿಗೆ ಬಗ್ಗಿತು. ಬರಹಗಾರರು ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ತಂದು ತೋಳು ಮಡಿಸಿಕೊಳ್ಳುತ್ತಿದ್ದೇವೆ.

*

60,000ಕ್ಕೆ ಬಿಲ್ಲು ಕಳಿಸಿದರೆ ಬ್ಯಾಂಕಿಗೆ 54,000 ಬರುತ್ತದೆ. ಉಳಿದ 6,000 ಟಿಡಿಎಸ್. ನನ್ನ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಬೇಕಾದ ನನ್ನದೇ ಹಣ. ಬರೀ 54,000 ಎಂದು ಬರೆದುಕೊಂಡರೆ ದುಡಿದದ್ದೂ ಕಡಿಮೆ ಕಾಣುತ್ತದೆ, ಕಟ್ಟಿದ ತೆರಿಗೆಯೂ ಮರೆತುಹೋಗುತ್ತದೆ. ಜಮೆ ಬರೆಯುವಾಗಲೇ ‘ಟಿಡಿಎಸ್ ಎಷ್ಟು ಹಿಡಿದಿದ್ದಾರೆ?’ ಎಂದು ಕೇಳಿ ಎರಡನ್ನೂ ಬೇರೆ ಬೇರೆ ಖಾತೆಗೆ ಹಾಕುವ ಸಾಫ್ಟ್‌ವೇರ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ನಮ್ಮದು: ರಿಟರ್ನ್ ತುಂಬುವ ಮುನ್ನ ತೆರಿಗೆ ಇಲಾಖೆಯ ಟಿಡಿಎಸ್ ಪಟ್ಟಿ ತೆಗೆದು ಸಾಲು ಸಾಲಾಗಿ ತಾಳೆ ನೋಡುವುದು. ಒಂದು ವರ್ಷ ಹಾಗೆ ಕೂತಾಗ, ನನ್ನಿಂದ ಹಿಡಿದ ಹಣವನ್ನು ಒಂದು ಸಂಸ್ಥೆ ಕಟ್ಟಿಯೇ ಇಲ್ಲವೆಂದು ಗೊತ್ತಾಯಿತು. ಬಿಲ್ಲಿನ ನಕಲೂ ಅವರ ಪಾವತಿಯ ಇಮೇಲೂ ಕೈಯಲ್ಲಿದ್ದವು. ಮೂರು ವಾರದಲ್ಲಿ ಕಟ್ಟಿದರು.

*

ಪುಸ್ತಕದ ರಾಯಲ್ಟಿಯನ್ನೂ ಪತ್ರಿಕೆಯ ಹಣವನ್ನೂ ಒಂದೇ ಖಾತೆಯಲ್ಲಿ ಸುರಿಯಬಾರದು. 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಕಲಮು, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ, ಸಾಹಿತ್ಯ, ಕಲೆ, ವಿಜ್ಞಾನದ ಪುಸ್ತಕಗಳ ರಾಯಲ್ಟಿಯಲ್ಲಿ 3 ಲಕ್ಷ ರೂಪಾಯಿವರೆಗೆ ತೆರಿಗೆಯ ಲೆಕ್ಕದಿಂದ ಕಳೆಯಲು ಬಿಟ್ಟಿತು. ಪಠ್ಯಪುಸ್ತಕ, ಗೈಡು, ಪತ್ರಿಕೆಗಳಿಗೆ ಅದು ಇರಲಿಲ್ಲ. ಲೆಕ್ಕದ ಪುಸ್ತಕ ಇಡಬೇಕಾದ ವೃತ್ತಿಗಳನ್ನು ಹೆಸರಿಸುವಾಗ ಅದೇ ಕಾಯ್ದೆಯ ನಿಯಮಗಳು ಸಿನಿಮಾ ಕಲಾವಿದರ ಸಾಲಿನಲ್ಲಿ ಕತೆ, ಚಿತ್ರಕತೆ, ಸಂಭಾಷಣೆ, ಹಾಡು ಬರೆಯುವವರನ್ನು ಸೇರಿಸಿದವು. ಕಾದಂಬರಿಕಾರರನ್ನೂ ಅಂಕಣಕಾರರನ್ನೂ ಹೆಸರಿಸಲಿಲ್ಲ. ಕೈ ಒಂದೇ. ಗಾಂಧಿನಗರಕ್ಕೆ ಬರೆದರೆ ಒಂದು ಲೆಕ್ಕ, ವಾರಪತ್ರಿಕೆಗೆ ಬರೆದರೆ ಇನ್ನೊಂದು. ಇದು ನನಗೆ ಸರಿ ಕಾಣುವುದಿಲ್ಲ. ಆದರೂ ಖಾತೆಗಳನ್ನು ಬೇರೆ ಬೇರೆಯೇ ಇಟ್ಟಿದ್ದೇನೆ.

*

ವರ್ಷಕ್ಕೆ 20 ಲಕ್ಷ ದಾಟದ ಬರಹಗಾರರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಪರದೆಯ ಅರ್ಧ ಗುಂಡಿಗಳು ನಮ್ಮವಲ್ಲ ಎಂದು ತಿಳಿದರೆ ಹೆದರಿಕೆಯೂ ಅರ್ಧ ಇಳಿಯುತ್ತದೆ.

*

2025ರ ಜುಲೈಯಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಯುಪಿಐ ಜಮೆಗಳನ್ನು ಕೂಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತ್ತು. ನೆಂಟರಿಂದ ಕೈಗಡ ಬಂದದ್ದು ಯಾವುದು, ಬನ್ನು ಮಾರಿ ಬಂದದ್ದು ಯಾವುದು ಎಂದು ಆ ಮೊತ್ತ ಹೇಳುವುದಿಲ್ಲ. ಬರೆದಿಟ್ಟವರು ಮಾತ್ರ ಹೇಳಬಲ್ಲರು. ನಾನು ಅದೇ ವಾರ ಬರಹದ ಹಣಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆದೆ. ಸಾಫ್ಟ್‌ವೇರ್ ಆಮೇಲಿನ ಮಾತು.

*

ಕೊಳ್ಳುವ ಮುನ್ನ ಒಂದು ಪರೀಕ್ಷೆ: ಪತ್ರಿಕೆಯ ಹೆಸರನ್ನು ಕನ್ನಡದಲ್ಲಿ ಟೈಪಿಸಿ, ಬಿಲ್ಲನ್ನು ಪಿಡಿಎಫ್ ಮಾಡಿ, ಒತ್ತಕ್ಷರ ಒಡೆಯದೆ ಬಂತೇ ನೋಡಿ.

*

ಶಾನುಭೋಗರು, ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವೆಂದರೆ ಬಟ್ಟೆ. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಬಟ್ಟೆ; ಅದರ ಮೇಲೆ ಬಳಪದ ಬಿಳಿ ಅಕ್ಷರ. ಇವತ್ತು ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ. ಬಿಚ್ಚಿ ಓದಲು ಯಾರಿಗೂ ಚಂದಾ ಕಟ್ಟಬೇಕಿರಲಿಲ್ಲ. ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ನೋಡುವಾಗ ನನಗೆ ಆ ಬಟ್ಟೆ ನೆನಪಾಗುತ್ತದೆ. ಬಾಡಿಗೆ ನಿಲ್ಲಿಸಿದ ದಿನ ನನ್ನ ಹತ್ತು ವರ್ಷದ ಲೆಕ್ಕ ಎಕ್ಸೆಲ್‌ನಲ್ಲಿ ಕೈಗೆ ಬರುತ್ತದೆಯೇ? ‘ಬರುತ್ತೆ’ ಎಂಬ ಮಾತು ಸಾಲದು. ಮೊದಲ ವಾರವೇ ಇಳಿಸಿಕೊಂಡು ತೆರೆದು ನೋಡಬೇಕು. ಗ್ನುಕ್ಯಾಶ್‌ನಂಥ ಉಚಿತ ಸಾಫ್ಟ್‌ವೇರ್ ಕಲಿಯಲು ತುಸು ಹೊತ್ತು ಹಿಡಿಯುತ್ತದೆ, ಆದರೆ ಲೆಕ್ಕ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

*

ಯಲಹಂಕ ನ್ಯೂಟೌನಿನಿಂದ ಹೊರಟ ಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತಾಗ ಆ ದಿನದ ಖರ್ಚು ಬರೆಯುತ್ತೇನೆ: ಜೆರಾಕ್ಸ್, ಕೊರಿಯರ್, ಹಳೆಯ ನಿಘಂಟು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿಗೆ ಬರೆಯುವುದೇನಿಲ್ಲ. ಮೂರು ಒತ್ತಿಗಿಂತ ಹೆಚ್ಚು ಕೇಳುವ ಆ್ಯಪಿನಲ್ಲಿ ಯಾರೂ ಎರಡನೇ ತಿಂಗಳು ಬರೆಯುವುದಿಲ್ಲ.

*

ಲೆಕ್ಕ ಹಿಡಿದರೆ ಬರವಣಿಗೆ ಒಣಗುತ್ತದೆ ಎನ್ನುವ ಗೆಳೆಯರಿದ್ದಾರೆ. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿದ್ದರು. ನನ್ನ ಆಡಿಟರ್ ಇರುವ ಆರ್.ಟಿ. ನಗರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಟ್ಯಾಗೋರರು ಮನೆತನದ ಜಮೀನ್ದಾರಿ ನೋಡಿಕೊಂಡವರು, ನೊಬೆಲ್ ಹಣವನ್ನು ಪತಿಸರದ ಕೃಷಿ ಬ್ಯಾಂಕಿನಲ್ಲಿಟ್ಟವರು.

*

ವರ್ಷಕ್ಕೆ ನಲವತ್ತು ಬಿಲ್ಲು ಬರೆಯುವವರಿಗೆ ಎಕ್ಸೆಲ್ ಹಾಳೆ ಸಾಕು. ನೂರಾದರೆ ಸಾಫ್ಟ್‌ವೇರ್ ಬೇಕು. ಆಗಲೂ ಆಡಿಟರ್ ತೆರೆಯಬಲ್ಲದ್ದನ್ನೇ ತೆಗೆದುಕೊಳ್ಳಿ.

*

ಜಿಲ್ಲೆಯ ಊರೊಂದರಿಂದ ಬರುತ್ತಿದ್ದ ಸಣ್ಣ ಪತ್ರಿಕೆಗೆ ಆರು ವರ್ಷ ಬರೆದೆ. ಹಣದ ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಸಾಫ್ಟ್‌ವೇರ್‌ಗೆ ಅದು ಗೊತ್ತಾಗಲಿಲ್ಲ, ‘ಬಾಕಿ’ಯ ಪಟ್ಟಿಗೆ ಸೇರಿಸಿ ಕೆಂಪು ಮಾಡಿತು. ಕೊಡದೆ ಉಳಿಸಿಕೊಂಡವರ ಸಾಲಿನಲ್ಲಿ ಆ ಸಂಪಾದಕರ ಹೆಸರು ಕಂಡು ಮನಸ್ಸಿಗೆ ಹಿಡಿಸಲಿಲ್ಲ. ‘ಪ್ರೀತಿಗೆ ಬರೆದದ್ದು’ ಎಂದು ಹೊಸ ಖಾತೆ ತೆರೆದು ಎಲ್ಲವನ್ನೂ ಅಲ್ಲಿಗೆ ವರ್ಗಾಯಿಸಿದೆ. ಮೊತ್ತದ ಜಾಗದಲ್ಲಿ ಸೊನ್ನೆ. ವಿವರದ ಜಾಗದಲ್ಲಿ ತಿಂಗಳು, ಲೇಖನದ ಹೆಸರು, ಪದಗಳ ಸಂಖ್ಯೆ.